ಒಂದೇ ಪೆಟ್ಟಿಗಿ ಮೂರು ಸಲ ಪಾಲಾಗಿ ಹೋಯ್ತು, ಈ ಸಲ ಹ್ಯಾಂಗ ತಡೀಬೇಕು?

ಪ್ರಶ್ನೆ: ನಮ್ಮ ಹೊಲ ಚಿಂಚೋಳಿ ತಾಲೂಕಿನಾಗ ಅದರಿ, ತೊಗರಿ, ಕಡ್ಲಿ, ಜರ ಕುಸುಬಿ ಹಾಕ್ತೀವಿ. ಎರಡು ವರ್ಷಲಿಂದ ತುಡುವೆ ಜೇನಿನ ಐದು ಪೆಟ್ಟಿಗಿ ಇಟ್ಟೀನಿ. ಹೋದ ಸಲ ಫೆಬ್ರವರಿ ಕಡೀಗಿ ಎಲ್ಲಕ್ಕಿಂತ ಜೋರಿದ್ದ ಪೆಟ್ಟಿಗಿನೇ ಹದಿನೈದು ದಿನದಾಗ ಮೂರು ಸಲ ಪಾಲಾಗಿ ಹಾರಿ ಹೋಯ್ತು, ಕಡೀಗಿ ಒಂದು ಬೊಗಸಿ ಹುಳ ಉಳದ್ವು, ಅದಕ್ಕೂ ಮೇಣದ ಹುಳ ಬಿತ್ತು. ವಿಡಿಯೋ ನೋಡಿ ರಾಣಿ ಕೋಶ, ಅಂದ್ರ ಹೊಸ ರಾಣಿ ಬೆಳಿಯೋ ಕಣ, ಕಿತ್ತಿದ್ದೆ, ಆದ್ರೂ ಹೋದ್ವು. ವಸಂತ ಕಾಲದಾಗ ಹಿಂಗ ಆಗೋದು ತಪ್ಪಿಸ್ಬೇಕಂದ್ರ ರಾಣಿ ಹೊರಗ ಬರದಂಗ ಬಾಗಿಲಿಗಿ ಗೇಟ್ ಹಾಕ್ಬೇಕೋ, ರಾಣಿ ರೆಕ್ಕಿ ಕತ್ತರಿಸ್ಬೇಕೋ? ಮತ್ತ ಆ ಮೇಣದ ಹುಳ ಬಿದ್ದ ಎರಿ (ಜೇನು ಕಟ್ಟಿದ ಮೇಣದ ಗೂಡು) ಬ್ಯಾರೆ ಪೆಟ್ಟಿಗಿಗಿ ಕೊಡಬಹುದೇನ್ರಿ?

ಉತ್ತರ: ಅಕ್ಕಾವ್ರೆ, ಮೊದ್ಲ ಒಂದು ಸಮಾಧಾನದ ಮಾತು. ನೀವು ಚಲೋ ಸಾಕಿದ್ದಕ್ಕೇ ಅವು ಹೋಗ್ಯಾವ. ಪಾಲಾಗೋದು ಅಂದ್ರ ರಾಣಿ ಒಂದಿಷ್ಟು ಹುಳ ಕರಕೊಂಡು ಹೊಸ ಮನಿಗಿ ಹೋಗೋದು, ಉಳದವು ಅಲ್ಲೇ ಇರ್ತಾವ. ಹಸದ ಪೆಟ್ಟಿಗಿ ಎಂದೂ ಪಾಲಾಗಲ್ಲ, ಹೊಟ್ಟಿ ತುಂಬಿ ಮನಿ ತುಂಬಿ ಕಾಲಿಡ್ಲಾಕ ಜಾಗಾ ಇಲ್ಲದಂಗ ಆದಾಗೇ ಪಾಲಾಗೋದು, ಅದಕ್ಕೇ ನಿಮ್ಮ ಐದ್ರಾಗ ಜೋರಿದ್ದದ್ದೇ ಹೋಯ್ತು, ಮೆತ್ತಗಿದ್ದ ನಾಲ್ಕು ಕುಂತಲ್ಲೇ ಕುಂತ್ವು. ಇದು ಪಾಲೇ ಅಂತ ಹ್ಯಾಂಗ ಗೊತ್ತಾಯ್ತು ಅಂದ್ರ ಒಳಗ ಹುಳ ಉಳದಿದ್ವು ಅಂದ್ರಿ, ರಾಣಿ ಕೋಶ ಇದ್ವು ಅಂದ್ರಿ. ಭಾಳ ಮಂದಿ ಮೇ ತಿಂಗಳದಾಗ ಫೋನ್ ಮಾಡಿ ಜೇನು ಪಾಲಾಯ್ತು ಅಂತಾರ, ಪೆಟ್ಟಿಗಿ ತೆಗೆದು ನೋಡಿದ್ರ ಒಂದು ಹುಳ ಇಲ್ಲ, ಒಂದು ಹನಿ ಜೇನುತುಪ್ಪ ಇಲ್ಲ, ತತ್ತಿ ಇಲ್ಲ, ಅದು ಪಾಲಲ್ಲರಿ, ಪರಾರಿ. ನೀರಿಲ್ಲದೆ, ಹೂವಿಲ್ಲದೆ, ಬಿಸಿಲಿಗಿ ತಾಳಲಾರ್ದೆ ಇಡೀ ಸಂಸಾರ ಗಂಟು ಕಟ್ಟಿ ಊರು ಬಿಟ್ಟಂಗ. ಇವೆರಡಕ್ಕೂ ಔಷಧ ಪೂರಾ ಉಲ್ಟಾ, ಒಂದಕ್ಕ ಜಾಗಾ ಕೊಡಬೇಕು, ಇನ್ನೊಂದಕ್ಕ ನೆರಳು ನೀರು ಕೊಡಬೇಕು. ಕಲಸಿಕೊಂಡ್ರ ಕೆಲಸ ಕೆಡ್ತದ.

ಇನ್ನ "ವಸಂತ ಕಾಲ" ಅನ್ನೋ ಮಾತು. ನೀವು ನೋಡೋ ವಿಡಿಯೋ ಬಹುತೇಕ ಇಂಗ್ಲೆಂಡ್ ಅಮೆರಿಕದವು, ಅಲ್ಲಿ ಹಿಮ ಬಿದ್ದು ನಾಲ್ಕೈದು ತಿಂಗಳು ಜೇನು ಒಳಗೇ ಗುಂಪಾಗಿ ಕೂತಿರ್ತಾವ, ಏಪ್ರಿಲ್-ಮೇದಾಗ ಒಮ್ಮೆಲೇ ಹೂವು ಬರ್ತದ, ಆವಾಗ ಪಾಲಾಗ್ತಾವ. ಅವರ ಕ್ಯಾಲೆಂಡರ್ ಹಿಡಕೊಂಡು ನಮ್ಮ ಕಡೆ ಏಪ್ರಿಲ್‌ನಾಗ ತಯಾರಿ ಮಾಡಿದ್ರ ಮದುವಿ ಮುಗದ ಮ್ಯಾಲ ಹಂದರ ಹಾಕಿದಂಗ. ನಮ್ಮ ಕಲಬುರಗಿ-ಬೀದರ-ಯಾದಗಿರಿ ಕಡೆ ಜೇನಿನ ವರ್ಷ ಶುರು ಆಗೋದು ಮಳಿ ಹಿಂದ ಸರಿದಾಗ. ಗುರೆಳ್ಳು ಎಳ್ಳು ಹೂವು ಬಿಡ್ತಾವ, ಅದರ ಬೆನ್ನಿಗೇ ತೊಗರಿ ಹಳದಿ ಆಗ್ತದ, ಹಿಂಗಾರಿ ಜೋಳ ತೆನಿ ಹಾಕಿದ್ರ ಪರಾಗ ಸಿಗ್ತದ, ಸಂಕ್ರಾಂತಿ ಆಚೀಚೆ ಕುಸುಬಿ, ಮಾವು, ಆಮ್ಯಾಲ ಬೇವು, ಹೊಂಗೆ, ಕಡೀಗಿ ಹುಣಸಿ. ಕಡ್ಲಿ ನೆಚ್ಚಿಕೊಂಡು ಕೂಡಬ್ಯಾಡ್ರಿ, ಅದರ ಹೂವಿನಾಗ ಜೇನಿಗಿ ಹೆಚ್ಚೇನೂ ಸಿಗಲ್ಲ. ನಾ ಕಂಡಂಗ ನಮ್ಮ ಕಡೆ ಪಾಲಾಗೋ ಸುಗ್ಗಿ ಎರಡು ಸಲ ಬರ್ತದ, ಒಂದು ದೀಪಾವಳಿಲಿಂದ ಎಳ್ಳ ಅಮಾಸಿ ತನಕ ತೊಗರಿ ಹೂವಿನ ಮ್ಯಾಲ, ಇನ್ನೊಂದು ಸಂಕ್ರಾಂತಿಲಿಂದ ಉಗಾದಿ ತನಕ. ನಿಮ್ದು ಎರಡನೇದ್ರಾಗ ಸಿಕ್ಕದ. ಹಂಗಾಗಿ ಫೆಬ್ರವರಿ ಕಡೀಗಿ ಆದ ಕೆಲಸಕ್ಕ ಜನವರಿ ಮೊದಲನೇ ವಾರದಾಗೇ ಕೈ ಹಚ್ಚಬೇಕಿತ್ತು. ಎಳ್ಳ ಅಮಾಸಿಗಿ ಚರಗ ಚೆಲ್ಲಲಾಕ ಹೊಲಕ್ಕ ಹೋಗ್ತೀರಲ್ಲ, ಭಜ್ಜಿ ಕಡಬು ಉಂಡ ಮ್ಯಾಲ ಎಲ್ಲಾರೂ ಗಿಡದ ನೆರಳಿಗಿ ಅಡ್ಡಾಗ್ತಾರ, ನೀವು ಹೋಗಿ ಪೆಟ್ಟಿಗಿ ಮುಚ್ಚಳ ತೆಗೀರಿ. ಇಡೀ ವರ್ಷದಾಗ ಅದೇ ಬರೋಬ್ಬರಿ ದಿನ.

ಯಾಕ ಪಾಲಾಗ್ತಾವ ಅನ್ನೋದು ಜರ ತಿಳ್ಕೋಬೇಕು, ಇಲ್ಲಾಂದ್ರ ನಾ ಹೇಳೋದು ಬರೇ ಹುಕುಂ ಆಗ್ತದ. ರಾಣಿ ಮೈಲಿಂದ ಒಂದು ವಾಸನಿ ಬರ್ತದ, ಅದು ಒಂದು ಹುಳದ ಬಾಯಿಂದ ಇನ್ನೊಂದರ ಬಾಯಿಗಿ, ಮೈಯಿಂದ ಮೈಗಿ ಪಾಸ್ ಆಗ್ತಾ ಇಡೀ ಪೆಟ್ಟಿಗಿ ತಿರುಗ್ತದ, ಅದು ಇರೋತನಕ "ಅವ್ವ ಮನ್ಯಾಗ ಇದ್ದಾಳ" ಅಂತ ಎಲ್ಲಾ ಸುಮ್ಮಗ ಕೆಲಸ ಮಾಡ್ತಾವ. ಹುಳ ಕಿಕ್ಕಿರಿದಾಗ ಈ ವಾಸನಿ ಮೂಲಿಗಿ ಮುಟ್ಟಲ್ಲ. ರಾಣಿಗಿ ಎರಡು ವರ್ಷ ಆಗಿದ್ರ ವಾಸನಿನೇ ಕಮ್ಮಿ. ಮ್ಯಾಲಿಂದ ಹೂವು ಜೋರಿದ್ದಾಗ ತಂದ ಮಕರಂದ ಹಾಕ್ಲಾಕ ಜಾಗಾ ಇಲ್ಲದೆ ರಾಣಿ ತತ್ತಿ ಇಡೋ ಕಣದಾಗೇ ತುಂಬ್ತಾವ, ರಾಣಿಗಿ ತತ್ತಿ ಇಡ್ಲಾಕ ಜಾಗಾ ಇಲ್ಲ, ತತ್ತಿ ಕಮ್ಮಿ ಆದ್ರ ಮರಿ ಕಮ್ಮಿ, ಮರಿಗಿ ಹಾಲು ಕುಡಿಸೋ ಎಳೇ ಹುಳಗಳಿಗಿ ಕೆಲಸ ಇಲ್ಲ. ಕೆಲಸ ಇಲ್ಲದ ಮಂದಿ ತುಂಬಿದ ಮನ್ಯಾಗ ಏನಾಗ್ತದೋ ಅದೇ ಆಗ್ತದ, ವಾಟ್ನಿ ಮಾತು ಶುರು. ಒಂದೇ ಫರಕ್, ನಮ್ಮಲ್ಲಿ ವಾಟ್ನಿ ಆದ್ರ ಮಕ್ಕಳು ಬ್ಯಾರೆ ಹೋಗ್ತಾರ, ಇವ್ರಲ್ಲಿ ಮುದುಕಿ ರಾಣಿನೇ ಅರ್ಧಕ್ಕಿಂತ ಹೆಚ್ಚು ಮಂದಿ ಕರಕೊಂಡು, ಹೊಟ್ಟಿ ತುಂಬ ತುಪ್ಪ ಕುಡಿಸಿ, ಕಟ್ಟಿದ ಮನಿ ಇನ್ನ ಹುಟ್ಟದ ಮಗಳಿಗಿ ಬಿಟ್ಟು ಹೊಂಡ್ತಾಳ.

ಈಗ ದಿನದ ಲೆಕ್ಕ ಕೇಳ್ರಿ, ಇದು ಬಾಯಿಪಾಠ ಆದ್ರ ಅರ್ಧ ಕೆಲಸ ಆದಂಗ. ರಾಣಿ ಕೋಶದಾಗ ತತ್ತಿ ಮೂರು ದಿನ, ಆಮ್ಯಾಲ ಮರಿ ಐದು ದಿನದಷ್ಟು ಬೆಳಿತದ, ಎಂಟನೇ ದಿನದ ಸುಮಾರಿಗಿ ಕೋಶದ ಬಾಯಿ ಮುಚ್ಚಿ ಬಿಡ್ತಾವ, ಹದಿನಾರನೇ ದಿನಕ್ಕ ಹೊಸ ರಾಣಿ ಹೊರಗ. ಹಳೇ ರಾಣಿ ಹೊಂಡೋದು ಮೊದಲನೇ ಕೋಶದ ಬಾಯಿ ಮುಚ್ಚಿದ ಹೊತ್ತಿಗಿ, ಅಂದು ಮೋಡ ಮಳಿ ಇಲ್ಲ ಬಿಸಿಲು ಚಲೋ ಅದ ಅಂದ್ರ ಮುಂಜಾನಿ ಹತ್ತರಿಂದ ಮಧ್ಯಾಹ್ನ ಎರಡರ ಒಳಗ ಹೋಗೇ ಬಿಡ್ತಾಳ. ಅಂದ್ರ ತತ್ತಿ ಬಿದ್ದ ದಿನಲಿಂದ ನಿಮ್ಮ ಕೈಯಾಗ ಇರೋದು ಎಂಟು ದಿನ ಅಷ್ಟೇ, ಅದಕ್ಕೇ ಸೀಸನ್‌ದಾಗ ಏಳು ದಿನಕ್ಕೊಮ್ಮೆ ಪೆಟ್ಟಿಗಿ ನೋಡ್ರಿ ಅನ್ನೋದು, ಹದಿನೈದು ದಿನಕ್ಕೊಮ್ಮೆ ನೋಡ್ತೀನಿ ಅಂದ್ರ ನೋಡೋದೂ ಒಂದೇ ಬಿಡೋದೂ ಒಂದೇ. ಮುದುಕಿ ಹೋದ ಒಂದು ವಾರದ ಆಸುಪಾಸು ಮೊದಲ ಮಗಳು ಹುಟ್ತಾಳ, ಹುಳ ಇನ್ನೂ ಭಾಳ ಇದ್ರ ಅಕಿನೂ ಒಂದು ಪಾಲು ತೊಗೊಂಡು ಹೋಗ್ತಾಳ, ಎರಡು ಮೂರು ದಿನ ಬಿಟ್ಟು ಇನ್ನೊಬ್ಬಾಕಿ. ನಿಮ್ಮ ಹದಿನೈದು ದಿನದಾಗ ಮೂರು ಸಲ ಅನ್ನೋದು ಇದೇ ಲೆಕ್ಕ. ಮೊದಲ ಪಾಲು ಹೋದ ಮ್ಯಾಲ ಸಂಜಿ ಮುಂದ ಪೆಟ್ಟಿಗಿಗಿ ಕಿವಿ ಹಚ್ಚಿ ಕೇಳ್ರಿ, ಒಳಗ ಯಾರೋ ಸಣ್ಣ ಪೀಪಿ ಊದಿದಂಗ ಸಪ್ಪಳ ಬಂದ್ರ ಹುಟ್ಟಿದ ರಾಣಿ ಇನ್ನ ಕೋಶದಾಗಿರೋ ಅಕ್ಕ-ತಂಗಿಯರಿಗಿ ಸವಾಲ್ ಹಾಕ್ಲತ್ತಾಳ ಅಂತ ಅರ್ಥ, ಇನ್ನೊಂದು ಪಾಲು ನಾಳಿ ನಾಡಿದ್ದು ಹೊಂಡ್ತದ.

ನೋಡೋದು ಹ್ಯಾಂಗ ಅಂದ್ರ, ಮುಂಜಾನಿ ಒಂಬತ್ತರ ಸುಮಾರಿಗಿ, ಹೊಗಿ ಎರಡೇ ಊದು, ಜಾಸ್ತಿ ಬ್ಯಾಡ, ತುಡುವೆ ಹೊಗಿಗಿ ಗಾಬರಿ ಬಿದ್ದು ಎರಿ ಬಿಟ್ಟು ಮೂಲಿಗಿ ಓಡ್ತಾವ. ಸೂರ್ಯ ನಿಮ್ಮ ಬೆನ್ನಿಗಿರ್ಲಿ, ಫ್ರೇಮ್, ಅಂದ್ರ ಎರಿ ಕಟ್ಟಿದ ಚೌಕಟ್ಟು, ಎತ್ತಿ ಬಿಸಿಲು ಕಣದ ತಳಕ್ಕ ಬೀಳೋಹಂಗ ಓರೆ ಹಿಡೀರಿ. ಮೊದಲ ಸುಳಿವು ಗಂಡು ಹುಳದ ಕಣ, ಅವು ಎರಿ ಕೆಳ ಭಾಗದಾಗ ಸ್ವಲ್ಪ ದೊಡ್ಡವು, ಮುಚ್ಚಳ ಉಬ್ಬಿರ್ತದ, ತುಡುವೆದಾಗ ಆ ಮುಚ್ಚಳದ ನಡುವ ಸೂಜಿಲಿಂದ ಚುಚ್ಚಿದಂಗ ಒಂದು ತೂತು ಇರ್ತದ. ಹೊಸಬ್ರು ಅದು ನೋಡಿ ಏನೋ ರೋಗ ಬಂತು ಅಂತ ಹೆದರ್ತಾರ, ರೋಗ ಅಲ್ಲರಿ, ಗಂಡಸರು ತಯಾರಾಗ್ಲತ್ತಾರ ಅಷ್ಟೇ, ಅಂದ್ರ ಮದುವಿ ಸೀಸನ್ ಬಂತು. ಅದಾಗಿ ಎರಡು ಮೂರು ವಾರದಾಗ ಎರಿ ಕೆಳ ಅಂಚಿಗಿ ಒಂದು ಕಡ್ಲಿ ಕಾಳು ಕುಂದ್ರೋ ಅಷ್ಟು ಸಣ್ಣ ಬಟ್ಟಲು ಬೋರಲು ತೂಗು ಹಾಕಿದಂಗ ಕಾಣ್ತಾವ. ಖಾಲಿ ಬಟ್ಟಲು ಇದ್ರ ಚಿಂತಿ ಬ್ಯಾಡ, ಕೆಲವು ಪೆಟ್ಟಿಗಿದಾಗ ವರ್ಷ ಪೂರಾ ಇರ್ತಾವ. ಬಟ್ಟಲು ತಳದಾಗ ತತ್ತಿ ನಿಂತಿದ್ರ, ಇಲ್ಲಾ ಬೆಳ್ಳಗ ಗಟ್ಟಿ ಹಾಲಿನಾಗ ಎಳೇ ಮರಿ ತೇಲ್ಲತ್ತಿದ್ರ, ಆವಾಗ ಗಡಿಯಾರ ಶುರು ಆಯ್ತು ಅಂತ ತಿಳೀರಿ. ಬೆಳದ ಕೋಶ ನಿಮ್ಮ ಕಿರಿಬೆರಳಿನ ತುದಿ ಅಷ್ಟು ಇರ್ತದ, ಅದರ ಮೂತಿ ಮ್ಯಾಲಿನ ಮೇಣ ಕೆರೆದು ಕಂದು ಬಣ್ಣ ಕಂಡ್ರ ಒಂದೆರಡು ದಿನದಾಗ ರಾಣಿ ಹುಟ್ತಾಳ, ಅಂದ್ರ ಮುದುಕಿ ಆಗ್ಲೇ ಹೋಗ್ಯಾಳ, ನೀವು ನೋಡಿಲ್ಲ ಅಷ್ಟೇ.

ಬಾಗಿಲ ಮುಂದ ಗಡ್ಡದಂಗ ಹುಳ ಜೋತು ಬಿದ್ದಾವ ಅಂದ ಕೂಡ್ಲೇ ಪಾಲು ಅಂತ ಹೇಳ್ಲಾಕ ಬರಲ್ಲ, ಏಪ್ರಿಲ್‌ದಾಗ ಸೆಖೆಗೂ ಹಂಗ ಹೊರಗ ಕೂಡ್ತಾವ, ನಾವು ಮಾಳಿಗಿ ಮ್ಯಾಲ ಮಲ್ಕೊಂಡಂಗ. ಒಳಗ ಕೋಶ ಇದ್ರೆ ಪಾಲು, ಇಲ್ಲಾಂದ್ರ ಬರೇ ಸೆಖೆ.

ಇನ್ನ ನಿಮ್ಮ ಕೋಶ ಕೀಳೋ ವಿಚಾರ. ಎಲ್ಲಾ ವಿಡಿಯೋದಾಗೂ ಇದೇ ಹೇಳ್ತಾರ, ಕಿತ್ರ ಕೆಲಸ ಮುಗೀತು ಅಂತ. ನಾ ಇಪ್ಪತ್ತು ವರ್ಷದಾಗ ನೋಡಿದ್ದು ಬ್ಯಾರೆ. ಕೋಶ ಕಿತ್ರ ಪಾಲಾಗೋ ಮನಸ್ಸು ಹೋಗಲ್ಲ, ಕಾರಣ ಅಲ್ಲೇ ಅದಲ್ಲ, ಜಾಗಾ ಕೊಟ್ಟಿಲ್ಲ, ರಾಣಿ ಮುದುಕಿನೇ. ನಾಲ್ಕು ದಿನದಾಗ ಮತ್ತ ಕಟ್ತಾವ, ಈ ಸಲ ಫ್ರೇಮ್ ಮೂಲಿಗಿ, ಹುಳದ ಗುಂಪಿನ ಹಿಂದ, ನೀವು ಹನ್ನೆರಡು ಕಿತ್ತು ಒಂದು ಬಿಟ್ರಿ ಅಂದ್ರ ಆ ಒಂದೇ ಸಾಕು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು ಅದ. ನಾ ಶುರು ಮಾಡಿದ ಎರಡನೇ ವರ್ಷ ಹುಮನಾಬಾದ ಹತ್ರ ನಮ್ಮ ಲಿಂಬಿ ತೋಟದಾಗ ಒಂದು ಪೆಟ್ಟಿಗಿದಾಗ ಹನ್ನೊಂದು ಕೋಶ ಇದ್ವು, ಎಣಿಸಿ ಎಣಿಸಿ ಕಿತ್ತೆ, ಮನಿಗಿ ಬಂದು ಚಹಾ ಕುಡೀತಾ ಎಲ್ಲಾರಿಗೂ ಹೇಳ್ಕೊಂಡೆ ಭಾರಿ ಕೆಲಸ ಮಾಡ್ದೆ ಅಂತ. ಮುದುಕಿ ಆಗ್ಲೇ ಹೋಗಿಬಿಟ್ಟಿದ್ಲು, ನಾ ರಾಣಿ ಹುಡುಕಲಿಲ್ಲ, ತತ್ತಿ ಅದಾವಾ ಅಂತನೂ ನೋಡಲಿಲ್ಲ. ಉಳದ ಮರಿ ಎಲ್ಲಾ ದೊಡ್ಡವು, ಹೊಸ ರಾಣಿ ಮಾಡ್ಲಾಕ ಬೇಕಾದ ಮೂರು ದಿನದ ಒಳಗಿನ ಮರಿ ಒಂದೂ ಇರ್ಲಿಲ್ಲ. ಮೂರು ವಾರ ಬಿಟ್ಟು ತೆಗೆದ್ರ ಒಂದೊಂದು ಕಣದಾಗ ಎರಡೆರಡು ಮೂರ್ಮೂರು ತತ್ತಿ, ರಾಣಿ ಇಲ್ಲದ್ದಕ್ಕ ದುಡಿಯೋ ಹುಳಗಳೇ ತತ್ತಿ ಇಡ್ಲತ್ತಿದ್ವು, ಅದರಿಂದ ಹುಟ್ಟೋದು ಬರೇ ಗಂಡು. ಆ ಪೆಟ್ಟಿಗಿ ಉಳೀಲಿಲ್ಲ. ಅದಕ್ಕ ಒಂದು ಕಟ್ಟುನಿಟ್ಟು ಮಾಡ್ಕೊಳ್ರಿ, ರಾಣಿನ ಕಣ್ಣಿಲಿಂದ ನೋಡದೆ, ಇಲ್ಲಾ ಇವತ್ತಿನ ತತ್ತಿ ನೋಡದೆ, ಕೋಶಕ್ಕ ಕೈ ಹಚ್ಚಬ್ಯಾಡ್ರಿ.

ಗೇಟ್ ಹಾಕೋದು ನನಗ ಸೇರಲ್ಲ. ರಾಣಿ ಹೊರಗ ಬರದಂಗ ಆಗ್ತದ ಖರೆ, ಗಂಡು ಹುಳನೂ ಒಳಗೇ ಸಿಗಬಿದ್ದು ಸಾಯ್ತಾವ, ಬಾಗಿಲು ಕಟ್ಟಿಕೊಳ್ತದ, ಕಾಲಿಗಿ ತಂದ ಪರಾಗ ಗೇಟಿಗಿ ತಾಗಿ ಉದುರ್ತದ, ಹೊಸ ರಾಣಿ ಹುಟ್ಟಿದ್ರ ಅಕಿ ಹೊರಗ ಹಾರಿ ಗಂಡಿನ ಜೋಡಿ ಕೂಡ್ಲಾಕ ಆಗಲ್ಲ, ಬರಡಿ ಆಗ್ತಾಳ. ಹಿಡದು ತಂದ ಹೊಸ ಪಾಲಿಗಿ ಎರಡು ಮೂರು ದಿನ ಹಾಕ್ರಿ, ಎರಿ ಕಟ್ಟಿ ತತ್ತಿ ಕಂಡ ಕೂಡ್ಲೇ ತೆಗೀರಿ, ಅದಕ್ಕಷ್ಟೇ ಅದು. ಮತ್ತ ಪ್ಯಾಟಿದಾಗ ಸಿಗೋದು ಬಹಳಷ್ಟು ಮೆಲ್ಲಿಫೆರಾ ಅನ್ನೋ ದೊಡ್ಡ ಜೇನಿನ ಅಳತಿದು, ನಮ್ಮ ತುಡುವೆ ರಾಣಿ ಸಣ್ಣಾಕಿ, ಅದರಾಗ ಆರಾಮಾಗಿ ನುಸುಳ್ತಾಳ. ರೆಕ್ಕಿ ಕತ್ತರಿಸೋದೂ ಹಂಗೇ. ಹಾರಲಾಕ ಬರ್ದೆ ರಾಣಿ ಪೆಟ್ಟಿಗಿ ಮುಂದ ಹುಲ್ಲಿನಾಗ ಬೀಳ್ತಾಳ, ಇರುವಿ ಓತಿಕ್ಯಾತ ಬಿಡ್ತಾವೇನು, ಹುಳ ವಾಪಸ್ ಬಂದು ವಾರ ಕಾದು ಹೊಸ ರಾಣಿ ಜೋಡಿ ಹೋಗ್ತಾವ. ನಿಮಗ ಸಿಕ್ಕಿದ್ದು ಒಂದು ವಾರ, ಕಳ್ಕೊಂಡಿದ್ದು ರಾಣಿ.

ಹಂಗಾದ್ರ ಏನು ಮಾಡೋದು ಅಂದ್ರ ಎರಡೇ ಕೆಲಸ, ಮೊದ್ಲ ಜಾಗಾ, ಆಮ್ಯಾಲ ಪಾಲು ಅವು ಮಾಡೋಕಿಂತ ಮುಂಚೆ ನೀವೇ ಮಾಡೋದು.

ಜಾಗಾ ಅಂದ್ರ, ನಿಮ್ಮದು ಬಹುಶಃ ನ್ಯೂಟನ್ ಪೆಟ್ಟಿಗಿ ಇರ್ಬೇಕು, ಮರಿ ಬೆಳಿಯೋ ಸಂಸಾರ ಕೋಣ್ಯಾಗ ಏಳು ಫ್ರೇಮ್‌ದು. ನೂರು ವರ್ಷದ ಹಿಂದ ತಿರುಚಿರಾಪಳ್ಳಿ ಕಡೆ ಫಾದರ್ ನ್ಯೂಟನ್ ಅನ್ನೋ ಪಾದ್ರಿ ನಮ್ಮ ಸಣ್ಣ ಜೇನಿಗಂತನೇ ಮಾಡಿದ್ದು, ಇವತ್ತಿಗೂ ಅದೇ ನಡೀಲತ್ತದ. ಚಲೋ ಪೆಟ್ಟಿಗಿನೇ, ಸಣ್ಣದು ಖರೆ, ಜೋರು ಸಂಸಾರಕ್ಕ ಅದು ತಿಂಗಳದಾಗ ಸಾಲ್ದಂಗ ಆಗ್ತದ. ಏಳ್ರಾಗ ಐದು ಫ್ರೇಮ್ ಮ್ಯಾಲ ಹುಳ ತುಂಬಿದ ಕೂಡ್ಲೇ ಮ್ಯಾಲ ತುಪ್ಪ ಕೂಡಿಡೋ ಜೇನು ಕೋಣಿ ಇಡ್ರಿ, ಏಳೂ ತುಂಬ್ಲಿ ಅಂತ ಕಾಯಬ್ಯಾಡ್ರಿ. ಬಾಯಿ ಮುಚ್ಚಿದ ಮರಿ ಎರಡೂ ಕಡೆ ತುಂಬಿದ ಒಂದು ಫ್ರೇಮ್ ಒಡದ್ರ ಆ ಹುಳ ಎರಡು ಮೂರು ಫ್ರೇಮ್ ಮ್ಯಾಲ ಹರಡ್ತಾವ, ಅಂದ್ರ ಇವತ್ತು ಆರಾಮ್ ಕಾಣೋ ಪೆಟ್ಟಿಗಿ ಹನ್ನೆರಡು ದಿನದಾಗ ಜಾತ್ರಿ ಬಸ್ ಆಗ್ತದ. ಹಳೇ ಕರೀ ಎರಿ ಒಂದೋ ಎರಡೋ ಅಂಚಿಗಿ ಸರಿಸಿ, ಮರಿ ಇಲ್ಲದಾಗ ತೆಗೀರಿ, ಅಲ್ಲಿ ಮೇಣದ ಪಟ್ಟಿ ಹಚ್ಚಿದ ಖಾಲಿ ಫ್ರೇಮ್ ಮರಿ ಇರೋ ಎರಿ ಪಕ್ಕಕ್ಕ ಕೊಡ್ರಿ. ಎಳೇ ಹುಳಗಳಿಗಿ ಮೇಣ ಕಟ್ಟೋ ಕೆಲಸ ಸಿಗ್ತದ, ರಾಣಿಗಿ ಹೊಸ ಎರಿ ಮ್ಯಾಲ ತತ್ತಿ ಇಡೋ ಆಸಿ. ನಟ್ಟನಡುವ ಮಾತ್ರ ಹಾಕಬ್ಯಾಡ್ರಿ, ಡಿಸೆಂಬರ್ ಜನವರಿ ರಾತ್ರಿ ನಮ್ಮಲ್ಲಿ ಥಂಡಿ ಇರ್ತದ, ಬೀದರ ಕಡೆ ಇನ್ನೂ ಹೆಚ್ಚು, ಮರಿ ಇರೋ ಜಾಗಾ ಅವು 34-35 ಡಿಗ್ರಿ ಕಾಯ್ಕೊಂಡಿರ್ತಾವ, ನಡುವ ಖಾಲಿ ಗಲ್ಲಿ ಮಾಡಿದ್ರ ಮರಿ ಥಂಡಿಗಿ ಸಾಯ್ತಾವ. ಜೇನು ಕೋಣ್ಯಾಗ ಮುಕ್ಕಾಲು ಭಾಗ ಬಾಯಿ ಮುಚ್ಚಿದ ಕೂಡ್ಲೇ ತುಪ್ಪ ತಿರುವಿ ಖಾಲಿ ಎರಿ ವಾಪಸ್ ಕೊಡ್ರಿ, ಹಬ್ಬಕ್ಕ ತೆಗೀತೀನಿ ಅಂತ ಇಟ್ಟ್ರ ಅವು ಹಬ್ಬದ ಮೊದ್ಲ ಹೊಂಡ್ತಾವ.

ಇನ್ನೊಂದು ತಪ್ಪು ನಾ ಭಾಳ ನೋಡೀನಿ, ಹೊಲದ ತುಂಬ ತೊಗರಿ ಹೂವು ಇರ್ತದ, ಇವ್ರು ಪ್ರೀತಿಲಿಂದ ಸಕ್ಕರಿ ಪಾಕ ಇಡ್ತಾರ. ಹೂವು ಇದ್ದಾಗ ಪಾಕ ಇಟ್ರ ಅದು ಸೀದಾ ತತ್ತಿ ಇಡೋ ಕಣಕ್ಕ ಹೋಗ್ತದ, ಪಾಲಾಗ್ಲಾಕ ರೊಕ್ಕ ಕೊಟ್ಟು ಕಳಿಸಿದಂಗ. ಮ್ಯಾಲಿಂದ ನೀವು ತಿರುವಿದ ತುಪ್ಪದಾಗ ಸಕ್ಕರಿ ಸೇರ್ತದ, ಅದು ಇನ್ನೊಂದು ಪಾಪ.

ಈಗ ಕೈಲಿಂದ ಪಾಲು ಮಾಡೋದು. ತತ್ತಿ ಇರೋ ಬಟ್ಟಲು ಕಂಡ್ವು, ಇಲ್ಲಾ ಪೆಟ್ಟಿಗಿ ತುಂಬಿ ಗಂಡು ಹುಳ ಹಾರ್ಲತ್ತಾವ, ಅಂದು ಮುಂಜಾನಿ ಒಂದು ಖಾಲಿ ಪೆಟ್ಟಿಗಿ ತೊಗೊಂಡು ಹೋಗ್ರಿ. ಮೊದ್ಲ ರಾಣಿ ಹುಡುಕ್ರಿ, ಅಕಿ ಇರೋ ಫ್ರೇಮ್ ಹುಳದ ಸಮೇತ ಹೊಸ ಪೆಟ್ಟಿಗಿಗಿ ಇಡ್ರಿ, ಆ ಫ್ರೇಮ್‌ದಾಗ ರಾಣಿ ಕೋಶ ಇದ್ರ ಅದನ್ನ ಮಾತ್ರ ಕೀಳ್ರಿ. ಜೋಡಿಗಿ ಒಡೀಲತ್ತಿರೋ ಮರಿ ಒಂದು ಫ್ರೇಮ್, ತುಪ್ಪ ಪರಾಗ ಇರೋದು ಒಂದು ಫ್ರೇಮ್, ಮತ್ತ ಇನ್ನೊಂದು ಫ್ರೇಮಿನ ಹುಳ ಮ್ಯಾಲಿಂದ ಝಾಡಿಸ್ರಿ. ಯಾಕ ಅಂದ್ರ ಹೊರಗ ತಿರುಗೋ ಹುಳಕ್ಕ ಹಳೇ ಜಾಗಾ ನೆನಪಿರ್ತದ, ಹೊಸ ಪೆಟ್ಟಿಗಿ ಅದೇ ಹೊಲದಾಗ ಇದ್ರ ಸಂಜಿ ಹೊತ್ತಿಗಿ ಎಲ್ಲಾ ಹಳೇ ಮನಿಗಿ ವಾಪಸ್, ಹೊಸದ್ರಾಗ ಉಳಿಯೋದು ಎಳೇ ಹುಳ ಅಷ್ಟೇ. ಮೂರು ಕಿಲೋಮೀಟರ್ ಆಚೆ ತವರುಮನಿ ಹೊಲ ಇದ್ರ ಅಲ್ಲಿ ಒಯ್ದು ಇಡ್ರಿ, ಆ ತಾಪತ್ರಯನೇ ಇಲ್ಲ. ಬಾಗಿಲು ಎರಡು ಹುಳ ಹಾಯೋ ಅಷ್ಟು ಸಣ್ಣ ಮಾಡ್ರಿ. ಮುದುಕಿಗಿ ಮನಿ ಬದಲಾಯ್ತು, ಮಂದಿ ಕಮ್ಮಿ ಆಯ್ತು, ಖಾಲಿ ಜಾಗಾ ಸಿಕ್ತು, ಅಕಿ ಪಾಲಿಗಿ ಪಾಲು ಆಗಿ ಹೋಯ್ತು, ತತ್ತಿ ಇಡ್ಲಾಕ ಶುರು ಮಾಡ್ತಾಳ.

ಹಳೇ ಪೆಟ್ಟಿಗಿ ಅದೇ ಜಾಗಾದಾಗ ಇರ್ಲಿ. ಅದರಾಗ ಕೋಶ ಇದ್ರ ಒಂದು, ಇಲ್ಲಾ ಎರಡು, ಚಲೋ ಬೆಳದದ್ದು ನೋಡಿ ಬಿಡ್ರಿ, ಉಳದವು ತೆಗೀರಿ. ಎರಡನೇ ಮೂರನೇ ಪಾಲು ನಿಲ್ಲೋದು ಇಲ್ಲೇ, ನೀವು ಹೋದ ಸಲ ಮೊದಲ ಪಾಲು ಹೋದ ಕೂಡ್ಲೇ ಇಷ್ಟು ಮಾಡಿದ್ರೂ ಅರ್ಧ ಪೆಟ್ಟಿಗಿ ಉಳೀತಿತ್ತು. ಎಲ್ಲಾ ಬಿಟ್ರ ಒಬ್ಬೊಬ್ಬಾಕಿ ಒಂದೊಂದು ಪಾಲು ಒಯ್ತಾಳ, ಎಲ್ಲಾ ಕಿತ್ರ ನನ್ನ ಹುಮನಾಬಾದ ಕಥಿ. ಕೋಶ ಇನ್ನೂ ಇಲ್ಲ ಅಂದ್ರ ತತ್ತಿ ಮತ್ತ ಎಳೇ ಮರಿ ಇರೋ ಫ್ರೇಮ್ ಬರೋಬ್ಬರಿ ಬಿಟ್ಟು ಬರ್ರಿ, ಅವೇ ರಾಣಿ ಮಾಡ್ಕೊಳ್ತಾವ, ಐದಾರು ದಿನದ ಮ್ಯಾಲ ಹೋಗಿ ಕಟ್ಟಿದ ಕೋಶ ಕಮ್ಮಿ ಮಾಡ್ರಿ. ಬಾಯಿ ಮುಚ್ಚಿದ ಕೋಶಲಿಂದ ಹೊಸ ರಾಣಿ ಹುಟ್ಟಿ, ಹೊರಗ ಹಾರಿ ಕೂಡಿ ಬಂದು, ತತ್ತಿ ಇಡ್ಲಾಕ ಮೂರು ವಾರದ ಹತ್ರ ಬೇಕು. ಆ ಮೂರು ವಾರ ಪೆಟ್ಟಿಗಿ ತೆಗೀಬ್ಯಾಡ್ರಿ. ಕುತೂಹಲ ತಡೀಲಾಕ ಆಗಲ್ಲ ಅಂತ ನನಗೂ ಗೊತ್ತು, ಬಾಗಿಲ ಮುಂದ ಕುಂತು ಪರಾಗ ಬರ್ಲತ್ತದಾ ನೋಡ್ರಿ ಸಾಕು.

ಇದರಾಗ ಒಂದು ಲಾಭ ಅದ, ಹಳೇ ಪೆಟ್ಟಿಗಿಗಿ ಹೊಸ ರಾಣಿ ಬಂದ್ಲು. ಅದೇ ವರ್ಷ ಹುಟ್ಟಿದ ರಾಣಿ ಇರೋ ಸಂಸಾರ ಪಾಲಾಗೋದು ಭಾಳ ಕಮ್ಮಿ. ಮುಚ್ಚಳದ ಒಳಗ ಚಾಕ್‌ಪೀಸ್‌ಲಿಂದ ರಾಣಿ ಹುಟ್ಟಿದ ತಿಂಗಳು ಬರೀರಿ, ನೆನಪಿಡ್ತೀನಿ ಅಂದವ್ರು ಯಾರೂ ಇಟ್ಟಿಲ್ಲ. ಮತ್ತ ಕೋಶ ಬೇಕಾದಾಗ ವರ್ಷಕ್ಕ ಮೂರು ಸಲ ಹಾರೋ ಪೆಟ್ಟಿಗಿದು ಉಳಿಸಿಕೊಳ್ಬ್ಯಾಡ್ರಿ, ತಾಯಿ ಚಾಳಿ ಮಗಳಿಗಿ ಬರ್ತದ, ನೆಟ್ಟಗ ಕುಂತು ತುಪ್ಪ ಕೊಡೋ ಪೆಟ್ಟಿಗಿ ಮರಿನೇ ಕೊಟ್ಟು ರಾಣಿ ಮಾಡ್ಸ್ರಿ.

ಯಾವಾಗ ಮಾಡ್ಬೇಕು ಅನ್ನೋದ್ರ ಮ್ಯಾಲ ಎಲ್ಲಾ ನಿಂತದ. ತೊಗರಿ ಹೂವಿನಾಗ, ಇಲ್ಲಾ ಸಂಕ್ರಾಂತಿಲಿಂದ ಶಿವರಾತ್ರಿ ಒಳಗ. ಹೋಳಿ ಬೆನ್ನಿಗೇ ಬರೋ ಕಲಬುರಗಿ ಶರಣಬಸವೇಶ್ವರ ಜಾತ್ರಿ ಆದ ಮ್ಯಾಲ ಪಾಲು ಮಾಡಿದ್ರ ಎರಡೂ ಪೆಟ್ಟಿಗಿ ಸಣ್ಣವಾಗೇ ಬ್ಯಾಸಗಿಗಿ ಬೀಳ್ತಾವ, ನಮ್ಮ 43-44 ಡಿಗ್ರಿ ಬಿಸಿಲಿನಾಗ ಸಣ್ಣ ಸಂಸಾರ ನೀರು ತಂದು ರೆಕ್ಕಿ ಬೀಸಿ ಮನಿ ತಂಪು ಮಾಡ್ಲಾಕೇ ಸಾಲಲ್ಲ, ಮೇದಾಗ ಪರಾರಿ. ಏಪ್ರಿಲ್‌ಗಿ ಮೆತ್ತಗ ಇರೋವು ಯಾವುವು ನೋಡಿ ಎರಡು ಕೂಡಿಸಿ ಒಂದು ಮಾಡ್ರಿ, ನಡುವ ಪೇಪರ್ ಹಾಳಿ ಹಾಕಿ ಸಣ್ಣ ತೂತು ಮಾಡಿ ಮ್ಯಾಲ ಕೆಳಗ ಇಟ್ರ ಅವು ಹಾಳಿ ಕಡದು ಹಗೂರ ಒಂದಾಗ್ತಾವ, ಮೊದ್ಲ ಒಂದು ರಾಣಿ ಮಾತ್ರ ತೆಗೀರಿ. ಗಿಡದ ನೆರಳು, ಹಸಿ ಗೋಣಿ ಚೀಲ, ಮಣ್ಣಿನ ತಾಟಿನಾಗ ಹರಳು ಹಾಕಿ ನೀರು, ಇಷ್ಟು ಇದ್ರ ಉಳದ ಪೆಟ್ಟಿಗಿ ಬ್ಯಾಸಗಿ ದಾಟ್ತಾವ.

ಊರಾಗ ಯಾರಾದ್ರೂ ಮೆಲ್ಲಿಫೆರಾ, ಅಂದ್ರ ಸೂರ್ಯಕಾಂತಿ ಹೊಲಕ್ಕ ಲಾರಿದಾಗ ತರೋ ದೊಡ್ಡ ಹುಳ, ಸಾಕಿದ್ರ ಅವ್ರಿಗಿ ಇನ್ನೊಂದು ಹಾದಿ ಅದ. ರಾಣಿನ ಕೆಳಗಿನ ಕೋಣ್ಯಾಗ ಖಾಲಿ ಎರಿ ಜೋಡಿ ಬಿಟ್ಟು, ರಾಣಿ ಮ್ಯಾಲ ದಾಟದಂಗ ನಡುವ ರಾಣಿ ಜಾಳಿಗಿ ಹಾಕಿ, ಮರಿ ಎಲ್ಲಾ ಮ್ಯಾಲಿನ ಕೋಣಿಗಿ ಎತ್ತೋದು. ಡೆಮಾರೀ ಅನ್ನೋ ಅಮೆರಿಕದ ಸಾಕಣೆದಾರ 1892ರಾಗ ಬರದ ಪದ್ಧತಿ, ಜೋರು ಕೆಲಸ ಮಾಡ್ತದ, ಮ್ಯಾಲಿನ ಕೋಣ್ಯಾಗ ಹುಟ್ಟೋ ಕೋಶ ವಾರದಾಗ ಒಮ್ಮೆ ತೆಗೀಲಾಕ ಮರೀಬಾರ್ದು. ತುಡುವೆಗಿ ನಾ ಇದನ್ನ ಹೇಳಲ್ಲ.

ಎಷ್ಟು ಮಾಡಿದ್ರೂ ಒಂದು ಪಾಲು ಹೋಗೇ ಹೋಗ್ತದ ಕೆಲವು ವರ್ಷ. ಹೋದ್ರ ಗಾಬರಿ ಬ್ಯಾಡ, ಅದು ಮೊದ್ಲ ಹತ್ರದ ಬೇವಿನ ಟೊಂಗಿಗೋ ಜಾಲಿಗೋ ಗೊಂಚಲಾಗಿ ಕೂಡ್ತದ, ತಾಸೋ ಎರಡು ತಾಸೋ, ಒಮ್ಮೊಮ್ಮೆ ಮರುದಿನದ ತನಕ. ಆ ಹೊತ್ತಿನಾಗ ಪತ್ತೇದಾರ ಹುಳ ಮನಿ ನೋಡ್ಲಾಕ ಹೋಗಿರ್ತಾವ, ಬಂದು ಗೊಂಚಲ ಮ್ಯಾಲ ಕುಣದು ಜಾಗಾ ಹೇಳ್ತಾವ. ಜರ್ಮನಿದಾಗ ಮಾರ್ಟಿನ್ ಲಿಂಡಾವರ್ ಅನ್ನೋ ವಿಜ್ಞಾನಿ 1949ರಾಗ ಇದನ್ನ ಕಂಡದ್ದು ಹ್ಯಾಂಗ ಅಂದ್ರ, ಗೊಂಚಲ ಮ್ಯಾಲ ಕುಣಿಯೋ ಹುಳ ಹೊಲಸಾಗಿದ್ವಂತ, ಯಾವ್ದಕ್ಕೋ ಹೊಗಿ ಗೂಡಿನ ಮಸಿ, ಯಾವ್ದಕ್ಕೋ ಇಟ್ಟಂಗಿ ಪುಡಿ, ಅಂದ್ರ ಇವು ಹೂವಿಗಿ ಹೋಗಿಲ್ಲ, ಯುದ್ಧದಾಗ ಬಿದ್ದ ಮನಿಗಳೊಳಗ ಜಾಗಾ ಹುಡುಕಿ ಬಂದಾವ ಅಂತ ಅವ್ರಿಗಿ ಹೊಳೀತು. ನಮ್ಮ ಕಡೆ ಹುಳಕ್ಕ ಗ್ವಾಡಿ ಸಂದು, ಹಳೇ ಹಗೇವು, ಮರದ ಪೊಟರಿ ಭಾಳ ಪಸಂದ್. ನೀವು ಅದಕ್ಕಿಂತ ಮುಂಚೆ ಗೊಂಚಲ ಮ್ಯಾಲ ಕೈಲಿಂದ ನೀರು ಚಿಮುಕಿಸಿ, ಕೆಳಗ ಪೆಟ್ಟಿಗಿ ಹಿಡದು ಟೊಂಗಿ ಒಂದೇ ಸಲ ಜೋರಾಗಿ ಝಾಡಿಸ್ರಿ, ರಾಣಿ ಒಳಗ ಬಿದ್ರ ಉಳದವು ತಾವೇ ನಡಕೊಂಡು ಬರ್ತಾವ. ಬ್ಯಾರೆ ಪೆಟ್ಟಿಗಿಲಿಂದ ಬಾಯಿ ಮುಚ್ಚದ ಮರಿ ಇರೋ ಒಂದು ಫ್ರೇಮ್ ಕೊಡ್ರಿ, ಮರಿ ಬಿಟ್ಟು ಹೋಗ್ಲಾಕ ಮನಸ್ಸು ಬರಲ್ಲ ಅವಕ್ಕ. ಸಂಜಿ ಕತ್ತಲಾದ ಮ್ಯಾಲ ಇಡೋ ಜಾಗಾಕ್ಕ ಒಯ್ರಿ. ಗುರ್ತಿಲ್ಲದ ಪಾಲು ಬಂದ್ರ ಮಾತ್ರ ಜರ ದೂರ ಇಟ್ಟು ಮರಿ ಆರೋಗ್ಯ ನೋಡ್ರಿ, 1991-92ರಾಗ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕರ್ನಾಟಕದಾಗ ತುಡುವೆ ಹೆಸರೇ ಇಲ್ಲದಂಗ ಆಗಿತ್ತು, ಮರಿ ನೀರು ತುಂಬಿದ ಚೀಲದಂಗ ಕಂಡ್ರ ಅದೇ.

ಕಡೀದು, ಮೇಣದ ಹುಳ ಬಿದ್ದ ಎರಿ. ಬ್ಯಾಡ್ರಿ, ಯಾವ ಪೆಟ್ಟಿಗಿಗೂ ಕೊಡಬ್ಯಾಡ್ರಿ. ಜಾಳಿ ಕಟ್ಟಿರೋ ಎರಿ ಎಲ್ಲಾ ಕಿತ್ತು ಬಟ್ಟಿದಾಗ ಗಂಟು ಕಟ್ಟಿ ಬಿಸಿನೀರಿನಾಗ ಕುದಿಸಿ ಮೇಣ ತೆಕ್ಕೊಳ್ರಿ, ಮುಂದಿನ ಫ್ರೇಮಿಗಿ ಪಟ್ಟಿ ಹಚ್ಚಲಾಕ ಬರ್ತದ. ಫ್ರೇಮ್ ಕೆರೆದು ಎರಡು ದಿನ ಬಿಸಿಲಿಗಿ ಹಾಕ್ರಿ, ಪೆಟ್ಟಿಗಿ ಒಳಗ ಒಣ ತೊಗರಿ ಕಟ್ಟಿಗಿ ಹೊತ್ತಿಸಿ ಜ್ವಾಲಿ ಒಂದು ಸಲ ಸುತ್ತ ಆಡಿಸ್ರಿ, ಸಂದಿನಾಗಿರೋ ತತ್ತಿ ಸುಟ್ಟು ಹೋಗ್ತಾವ. ಅದೇ ಪೆಟ್ಟಿಗಿ ಒಳಗ ಜರ ಮೇಣ ಉಜ್ಜಿ ಜನವರಿದಾಗ ಪಾಲು ಮಾಡ್ಲಾಕ ತಯಾರ ಇಟ್ಟುಕೊಳ್ರಿ.